ನೀವು ಯಾವ ಮಿಷನ್ನವರು?

ನಮ್ಮ ಕಡೆ ಕ್ರೈಸ್ತರ ಮದುವೆಯ ಊಟದಲ್ಲಿ ಪಕ್ಕದ ಎಲೆಗೆ ಯಾರಾದರೂ ಹೊಸಬರು ಬಂದು ಕೂತರೆ ಹೆಸರಿಗಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ. "ನೀವು ಯಾವ ಮಿಷನ್ನವರು?" ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿರಿಯ ಹೆಂಗಸರಾದರೆ ತೆಲುಗಿನಲ್ಲಿ, "ಮೀರು ಏ ಮಿಷನಮ್ಮಾ?" ಎನ್ನುತ್ತಾರೆ. ಉತ್ತರವೂ ಚುಟುಕಾಗಿರುತ್ತದೆ. "ಲಂಡನ್ ಮಿಷನ್", "ಮೆಥಡಿಸ್ಟ್", "ಆರ್.ಸಿ." ಅಷ್ಟು ಗೊತ್ತಾದ ಮೇಲೆಯೇ ಮಾತು ಮುಂದಕ್ಕೆ ಸಾಗುವುದು, ಕೆಲವು ಸಲ ಅಲ್ಲಿಗೇ ನಿಲ್ಲುವುದೂ ಉಂಟು.

ಒಮ್ಮೆ ಇಂಥ ಊಟಕ್ಕೆ ನಮ್ಮ ಬೀದಿಯ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಹಿಂದೂ ಮನೆತನದವಳು. ಈ ಪ್ರಶ್ನೋತ್ತರ ಕೇಳಿ ಅವಳಿಗೆ ಆಶ್ಚರ್ಯ. "ನಿಮ್ಮಲ್ಲೂ ಇದೆಯೇನೆ? ಒಬ್ಬನೇ ದೇವರು, ಒಂದೇ ಪುಸ್ತಕ, ಮತ್ಯಾಕೆ ಇಷ್ಟು ಪಂಗಡ?" ಎಂದಳು. ನಾನು ನಕ್ಕು, "ಮನೆಗೆ ಬಾ, ಹೇಳ್ತೀನಿ" ಎಂದು ಸುಮ್ಮನಾದೆ. ಮನೆಗೆ ಬಂದ ಮೇಲೆ ಹೇಳಲು ಕೂತರೆ ಸರಿಯಾಗಿ ಹೇಳಲಾಗಲಿಲ್ಲ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಪ್ರಶ್ನೆಯ ಹಿಂದಿನ ಕಥೆ ನನಗೇ ಪೂರ್ತಿ ಗೊತ್ತಿರಲಿಲ್ಲ. ಆಮೇಲೆ ಅಲ್ಲಿ ಇಲ್ಲಿ ಓದಿ, ಹಿರಿಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತಾ ಹೋದಂತೆ ಆ ಪ್ರಶ್ನೆಗೆ ಇನ್ನೊಂದು ಅರ್ಥವೂ ಇತ್ತೆಂದು ತಿಳಿಯಿತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಈ ನೆಲಕ್ಕೆ ಕ್ರಿಸ್ತನ ಹೆಸರು ಬಂದದ್ದು ಇಂಗ್ಲಿಷರಿಂದ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. 18ನೇ ಶತಮಾನದ ಆರಂಭದಲ್ಲೇ ಪಾಂಡಿಚೇರಿಯಿಂದ ಹೊರಟ ಫ್ರೆಂಚ್ ಜೆಸುಯಿಟ್ ಪಾದ್ರಿಗಳು ತೆಲುಗು ಸೀಮೆಯನ್ನು ಹಾದು ಈ ಕಡೆಗೂ ಬಂದಿದ್ದರು. ಅವರು ತಮ್ಮ ದೇಶಕ್ಕೆ ಬರೆದ ಪತ್ರಗಳಲ್ಲಿ 'ಚಿನ್ನಬಳ್ಳಾಪುರ'ದ ಹೆಸರಿದೆ. ಆಗಿನ್ನೂ ಇಲ್ಲಿ ಪಾಳೆಯಗಾರರ ಆಳ್ವಿಕೆ. ಹೈದರಾಲಿಯ ಕಾಲ ಬಂದಿರಲಿಲ್ಲ. ನಮ್ಮ ಸೀಮೆಯ ಕ್ಯಾಥೊಲಿಕರ ಬೇರು ಅಷ್ಟು ಹಿಂದಕ್ಕೆ ಹೋಗುತ್ತದೆ. ಚಿಕ್ಕಬಳ್ಳಾಪುರದ ಹತ್ತಿರ ಸೂಸೈಪಾಳ್ಯ ಎಂಬ ಊರಿದೆ. ಸೂಸೈ ಎಂದರೆ ಜೋಸೆಫ್. ಯೇಸುವಿನ ಸಾಕುತಂದೆಯ ಹೆಸರೇ ಆ ಹಳ್ಳಿಯ ಹೆಸರು. ಅಲ್ಲಿಯ ಸಂತ ಜೋಸೆಫರ ದೇವಾಲಯಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ. ಈ ಊರಿನ ಮಾತು ಮತ್ತೆ ಬರುತ್ತದೆ.

ಪ್ರಾಟೆಸ್ಟೆಂಟರು ಬಂದದ್ದು ಆಮೇಲೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಇಪ್ಪತ್ತು ವರ್ಷ ಪಾಡುಪಟ್ಟು, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದರು. ಅದೇ ಮಿಷನ್ನಿನವರು 1820ರಿಂದ ಬೆಂಗಳೂರಿನಲ್ಲಿದ್ದರು. 1837ರಲ್ಲಿ ಅಲ್ಲಿಗೆ ಬಂದ ಬೆಂಜಮಿನ್ ರೈಸ್ ಐವತ್ತು ವರ್ಷ ದುಡಿದು ಅಲ್ಲೇ ಮಣ್ಣಾದರು. ನಮ್ಮ ನಾಡಿನ ಶಾಸನಗಳನ್ನೆಲ್ಲ ಓದಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರ ಮಗ. ಬೆಂಗಳೂರಿನಲ್ಲಿ ಕನ್ನಡದ ಹೆಣ್ಣುಮಕ್ಕಳಿಗೆಂದು ಮೊದಲ ಶಾಲೆ ತೆರೆದವರಲ್ಲಿ ರೈಸರ ಹೆಂಡತಿಯೂ ಒಬ್ಬರು. ಅದು 1840ರ ಸುಮಾರಿನ ಮಾತು.

ಬೆಂಗಳೂರಿನಿಂದ ಲಂಡನ್ ಮಿಷನ್ ಚಿಕ್ಕಬಳ್ಳಾಪುರಕ್ಕೆ ಬಂತು. ಇಲ್ಲಿ ನೆಲೆಮಾಡಿಕೊಂಡು ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಓಡಾಡಿದವರಲ್ಲಿ ಹಿಕ್ಲಿಂಗ್ ಎಂಬ ಪಾದ್ರಿಯ ಹೆಸರು ಮುಖ್ಯವಾದದ್ದು. 1910ರ ದಶಕದಲ್ಲಿ ಆಸ್ಪತ್ರೆ ಬಂತು. ಆ ಮಿಷನ್ನಿನ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಂಪ್ಸನ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಜಮ್ಮಲಮಡುಗಿನಲ್ಲಿ ಕೆಲಸ ಮಾಡಿ ಅನುಭವವಿದ್ದ ಡಾಕ್ಟರ್ ಕ್ಯಾಂಪ್‌ಬೆಲ್ ಇಲ್ಲಿಗೆ ಬಂದರು. ಈಗ ಅದು ಸಿ.ಎಸ್.ಐ. ಆಸ್ಪತ್ರೆ. ಹಳೆಯ ಕಾಲದವರ ಬಾಯಲ್ಲಿ ಮಾತ್ರ 'ಮಿಷನ್ ಆಸ್ಪತ್ರೆ'. ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ, ಯಾವ ಜಾತಿ ಮತದವರೇ ಇರಲಿ, "ನೀನು ಹುಟ್ಟಿದ್ದು ಮಿಷನ್ ಆಸ್ಪತ್ರೇಲಿ" ಎಂದು ತಾಯಂದಿರು ಮಕ್ಕಳಿಗೆ ಹೇಳುವುದನ್ನು ನೀವು ಕೇಳಿರಬಹುದು.

ಕೋಲಾರದ ಕಥೆಯೇ ಬೇರೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ದೊಡ್ಡ ಬರ ಇದೆಯಲ್ಲ, ಅದರಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟೆ ಎಂಬ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದಳು. ಮದುವೆಯಾಗದ ಹೆಂಗಸೊಬ್ಬಳು ಪರದೇಶದಲ್ಲಿ ನೂರಾರು ಮಕ್ಕಳಿಗೆ ಗಂಜಿ ಕಾಯಿಸಿದ ಕಥೆ ಅದು. 1890ರಲ್ಲಿ ಅವಳು ಆ ಕೆಲಸವನ್ನೆಲ್ಲ ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದಳು. ಹೀಗೆ ಕೋಲಾರ ಮೆಥಡಿಸ್ಟರ ಊರಾಯಿತು. 1910ರಲ್ಲಿ ಅಲ್ಲಿ ಎಲೆನ್ ಥೋಬರ್ನ್ ಕೋವೆನ್ ಹೆಸರಿನ ಆಸ್ಪತ್ರೆ ಶುರುವಾಯಿತು. ಜನ ಅದನ್ನು 'ಇ.ಟಿ.ಸಿ.ಎಂ.' ಎಂದೇ ಕರೆಯುವುದು.

ಇನ್ನು ತುಮಕೂರು, ಮೈಸೂರು, ಶಿವಮೊಗ್ಗ ಕಡೆ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಷನ್. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಉಳಬಾರದೆಂದು ಮಿಷನ್ನುಗಳೇ ತಮ್ಮತಮ್ಮಲ್ಲಿ ಸೀಮೆ ಹಂಚಿಕೊಂಡಿದ್ದವು. ಜಗಳ ತಪ್ಪಿಸುವುದಕ್ಕೆ ಮಾಡಿದ ಒಳ್ಳೆಯ ಏರ್ಪಾಟೇ ಅದು. ಅದರ ಫಲ ಮಾತ್ರ ವಿಚಿತ್ರವಾಯಿತು. ನಮ್ಮಜ್ಜಿಯ ಊರು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಮನೆಯ ತುಂಬ ಚಂದ್ರಿಕೆ, ರೇಷ್ಮೆ ಹುಳುವಿನ ಕೆಲಸ. ಅವಳು ಲಂಡನ್ ಮಿಷನ್. ಅವಳ ಸ್ವಂತ ದೊಡ್ಡಮ್ಮನ ಮಗಳನ್ನು ಕೊಟ್ಟದ್ದು ಕೋಲಾರದ ಹತ್ತಿರಕ್ಕೆ. ಅವಳು ಮೆಥಡಿಸ್ಟ್. ಲಂಡನ್ನಿನಲ್ಲೋ ಅಮೆರಿಕದಲ್ಲೋ ಯಾವ ಕಾಲದಲ್ಲಿ ಯಾರು ಯಾರೊಂದಿಗೆ ಯಾಕೆ ಮುನಿಸಿಕೊಂಡರೆಂದು ಈ ಇಬ್ಬರಿಗೂ ಗೊತ್ತಿರಲಿಲ್ಲ. ಗಾಡಿ ಯಾವ ಕಡೆಯಿಂದ ಬಂತೋ ಆ ಮಿಷನ್ನು, ಅಷ್ಟೇ.

ಇದರಲ್ಲಿ ಇನ್ನೂ ಒಂದು ಸೋಜಿಗವಿದೆ. 1795ರಲ್ಲಿ ಲಂಡನ್ ಮಿಷನ್ ಸ್ಥಾಪಿಸಿದವರು ಹಲವು ಪಂಗಡಗಳಿಗೆ ಸೇರಿದವರು. ತಮ್ಮ ಪಂಗಡದ ಕಟ್ಟುಪಾಡುಗಳನ್ನು ಹೊರದೇಶಕ್ಕೆ ಸಾಗಿಸಬಾರದು, ಸುವಾರ್ತೆಯನ್ನು ಮಾತ್ರ ಒಯ್ಯಬೇಕು, ಸಭೆ ಹೇಗಿರಬೇಕೆಂದು ಅಲ್ಲಿಯ ವಿಶ್ವಾಸಿಗಳೇ ತೀರ್ಮಾನಿಸಲಿ ಎಂಬುದು ಅವರ ಮೂಲ ನಿಯಮವಾಗಿತ್ತು. ಹಾಗೆ ಪಂಗಡ ಬೇಡವೆಂದು ಹುಟ್ಟಿದ ಸಂಸ್ಥೆಯ ಹೆಸರೇ ನಮ್ಮ ಬಾಯಲ್ಲಿ ಒಂದು ಪಂಗಡವಾಗಿ ಕೂತಿತು. ಆ ಹೆಸರಿನ ಸಂಸ್ಥೆ 1966ರಲ್ಲೇ ಇಲ್ಲವಾಯಿತು. ನಾವು ಇನ್ನೂ "ಲಂಡನ್ ಮಿಷನ್" ಎನ್ನುತ್ತಿದ್ದೇವೆ!

ಈ ಗೋಡೆಗಳನ್ನು ಮೊದಲು ಪ್ರಶ್ನಿಸಿದವರು ನಮ್ಮವರೇ. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿ ಹುಟ್ಟಿದ ವಿ. ಎಸ್. ಅಜರಯ್ಯ 1910ರಲ್ಲಿ ಎಡಿನ್‌ಬರೋದ ದೊಡ್ಡ ಮಿಷನರಿ ಸಮ್ಮೇಳನದಲ್ಲಿ ಎದ್ದು ನಿಂತು, ನೀವು ನಮಗಾಗಿ ತ್ಯಾಗ ಮಾಡಿದಿರಿ, ಸರಿ, ಆದರೆ ನಮಗೆ ಬೇಕಾದದ್ದು ಸ್ನೇಹ ಎಂಬ ಅರ್ಥದ ಮಾತನ್ನು ಬಿಳಿಯರ ಮುಖಕ್ಕೇ ಹೇಳಿದರು. 1912ರಲ್ಲಿ ಅವರು ದೋರ್ನಕಲ್ಲಿನ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು.

1919ರ ಮೇ ತಿಂಗಳ ಮೊದಲ ಎರಡು ದಿನ ಅಜರಯ್ಯನವರೂ ಇನ್ನಿತರರೂ ಸಮುದ್ರದ ದಡದ ತರಂಗಂಬಾಡಿಯಲ್ಲಿ ಸೇರಿದರು. 1706ರಲ್ಲಿ ಮೊದಲ ಪ್ರಾಟೆಸ್ಟೆಂಟ್ ಮಿಷನರಿಗಳು ಬಂದಿಳಿದ ಊರು ಅದು. ಬಂದವರು 33 ಜನ. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಈ ಒಡಕುಗಳನ್ನು ಮಾಡಿದವರು ನಾವಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದು ಬಿದ್ದವು, ಇವನ್ನು ಹೊತ್ತು ತಿರುಗಲು ನಮಗೆ ಮನಸ್ಸಿಲ್ಲ ಎಂಬ ತಾತ್ಪರ್ಯದ ಹೇಳಿಕೆಯನ್ನು ಅವರು ಹೊರಡಿಸಿದರು.

ಹೇಳಿಕೆ ಎರಡು ದಿನದಲ್ಲಿ ಆಯಿತು. ಒಂದಾಗುವುದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಮನೆ ಪಾಲಾಗುವುದು ಒಂದು ಮಧ್ಯಾಹ್ನದ ಕೆಲಸ. ಪಾಲಾದ ಅಣ್ಣತಮ್ಮಂದಿರನ್ನು ಒಂದು ಒಲೆಗೆ ತರುವುದು ಎಷ್ಟು ಕಷ್ಟವೆಂದು ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಬಿಷಪ್ ಇರಬೇಕೋ ಬೇಡವೋ? ಬಿಷಪ್ಪರ ಕೈಯಿಂದ ಅಭಿಷೇಕವಾಗದ ಪಾದ್ರಿ ಪ್ರಭು ಭೋಜನ ಹಂಚಬಹುದೋ ಇಲ್ಲವೋ? ಈ ಪ್ರಶ್ನೆಗಳ ಮೇಲೆ ಸಭೆಗಳು ಕೂತವು, ಎದ್ದವು, ಮತ್ತೆ ಕೂತವು. ಕಡೆಗೆ ಒಂದು ಒಪ್ಪಂದಕ್ಕೆ ಬಂದರು. ಬಿಷಪ್ಪರು ಇರುತ್ತಾರೆ, ಮುಂದಿನ ಅಭಿಷೇಕಗಳೆಲ್ಲ ಅವರ ಕೈಯಿಂದಲೇ ಆಗುತ್ತವೆ. ಆದರೆ ಈಗಾಗಲೇ ಇರುವ ಯಾವ ಸಭಾಪಾಲಕರಿಗೂ ಎರಡನೇ ಸಲ ಅಭಿಷೇಕ ಮಾಡುವುದಿಲ್ಲ. ನಿನ್ನದು ಕಡಿಮೆ, ನನ್ನದು ಹೆಚ್ಚು ಎನ್ನುವುದಿಲ್ಲ. ಯಾವ ಸಭೆಯ ಮನಸ್ಸಾಕ್ಷಿಯ ಮೇಲೂ ಬಲವಂತ ಹೇರುವುದಿಲ್ಲ. ವೆಸ್ಲಿಯನ್ ಮೆಥಡಿಸ್ಟರು 1943ರಲ್ಲಿ ಒಪ್ಪಿದರು, ಆಂಗ್ಲಿಕನರು 1945ರ ಜನವರಿಯಲ್ಲಿ, ಲಂಡನ್ ಮಿಷನ್ನಿನ ಸಭೆಗಳು ಸೇರಿದ್ದ ದಕ್ಷಿಣ ಭಾರತ ಐಕ್ಯ ಸಭೆ 1946ರಲ್ಲಿ. ಅಜರಯ್ಯನವರು 1945ರ ಜನವರಿ 1ರಂದೇ ತೀರಿಕೊಂಡಿದ್ದರು. ತಮ್ಮದೇ ಸಭೆ ಅದೇ ತಿಂಗಳು ಒಪ್ಪಿದ್ದನ್ನು ಕೇಳುವ ಭಾಗ್ಯ ಅವರಿಗಿರಲಿಲ್ಲ.

1947ರ ಸೆಪ್ಟೆಂಬರ್ 27. ದೇಶ ಸ್ವತಂತ್ರವಾಗಿ ಆರು ವಾರ. ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ 'ದಕ್ಷಿಣ ಭಾರತ ಸಭೆ' ಹುಟ್ಟಿತು. ಹದಿನಾಲ್ಕು ಸಭಾಪ್ರಾಂತಗಳು, ಸುಮಾರು ಹತ್ತು ಲಕ್ಷ ಜನ. ಬಿಷಪ್ಪರನ್ನು ಒಪ್ಪುವ ಸಭೆಯೂ ಒಪ್ಪದ ಸಭೆಗಳೂ ಹೀಗೆ ಒಂದೇ ಆದದ್ದು ಲೋಕಕ್ಕೇ ಹೊಸದು. ಅಂದು ಹೊಸದಾಗಿ ಅಭಿಷೇಕವಾದ ಒಂಬತ್ತು ಬಿಷಪ್ಪರಲ್ಲಿ ನಮ್ಮ ಮೈಸೂರು ಸಭಾಪ್ರಾಂತದ ಪಿ. ಗುರುಶಾಂತರೂ ಒಬ್ಬರು. ಮುಂದೆ 1970ರಲ್ಲಿ ಮೈಸೂರು ಸಭಾಪ್ರಾಂತ ಮೂರಾದಾಗ ನಮ್ಮ ತಾಲೂಕುಗಳು ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿದವು.

ಆಗ ನಮ್ಮಜ್ಜಿ ಹೊಸದಾಗಿ ಮದುವೆಯಾಗಿ ಬಂದವಳು. "ಆ ವರ್ಷ ಎರಡು ಸ್ವಾತಂತ್ರ್ಯ ಬಂತಂತೆ ಕಣಮ್ಮ, ಪೇಟೇಲಿ ಹೇಳ್ತಿದ್ರು. ನಮ್ಮೂರಿಗೆ ಎರಡೂ ನಿಧಾನವಾಗಿ ಬಂದ್ವು" ಎನ್ನುತ್ತಿದ್ದಳು. ಅವಳ ಪಾಲಿಗೆ ಒಕ್ಕೂಟ ಬಂದದ್ದು ಮದರಾಸಿನಲ್ಲಲ್ಲ, ಹಳ್ಳಿಯ ಪ್ರಾರ್ಥನಾ ಮಂದಿರದ ಚಾಪೆಯ ಮೇಲೆ. ಆ ಕಥೆಯನ್ನು ಅವಳು ಎಷ್ಟೋ ಸಲ ಹೇಳಿದ್ದಾಳೆ.

ಒಂದಾದ ಸಭೆ ತನ್ನದೇ ಒಂದು ಆರಾಧನಾ ಕ್ರಮವನ್ನು ರಚಿಸಿ 1950ರಿಂದ ಬಳಕೆಗೆ ತಂದಿತು. ಅದರಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪದ್ಧತಿಯಿಂದ ತೆಗೆದುಕೊಂಡ ಒಂದು ಅಂಶವಿತ್ತು. ಪ್ರಭು ಭೋಜನಕ್ಕೆ ಮುಂಚೆ 'ಸಮಾಧಾನ' ಕೊಡುವುದು. ಸಭಾಪಾಲಕರು ಒಬ್ಬರ ಬಲಗೈಯನ್ನು ತಮ್ಮೆರಡು ಅಂಗೈಗಳ ನಡುವೆ ಹಿಡಿಯುತ್ತಾರೆ. ಅವರು ಎದ್ದು ಹೋಗಿ ಮುಂದಿನವರ ಕೈ ಹಿಡಿಯಬೇಕು. ಹೀಗೆ ಕೈಯಿಂದ ಕೈಗೆ ಅದು ಕಟ್ಟಕಡೆಯವರವರೆಗೂ ಹೋಗಬೇಕು. ಇಷ್ಟೇ. ನೋಡಲು ಏನೂ ಅಲ್ಲ. ಆದರೆ ಅದು ನಮ್ಮ ಹಳ್ಳಿಗೆ ಬಂದಾಗ ನಡೆದದ್ದನ್ನು ಕೇಳಿ.

ಆ ಮಂದಿರದಲ್ಲಿ ಹೆಂಗಸರ ಕಡೆ ಎರಡು ಚಾಪೆ ಹಾಸುತ್ತಿದ್ದರು. ಮುಂದಿನ ದೊಡ್ಡ ಚಾಪೆ ಊರಾಚೆಯ ಕೇರಿಯ ಹೆಂಗಸರದು. ಮೊದಲು ಕ್ರಿಸ್ತನನ್ನು ನಂಬಿ ಬಂದವರು ಅವರು, ಮಂದಿರ ಕಟ್ಟಲು ಮಣ್ಣು ಹೊತ್ತವರೂ ಅವರೇ. ಹಿಂದಿನ, ಬಾಗಿಲ ಕಡೆಯ ಸಣ್ಣ ಚಾಪೆ ಆಮೇಲೆ ಬಂದ ಎರಡು ಮೂರು ಮನೆಯವರದು; ಒಂದಿಷ್ಟು ಜಮೀನಿದ್ದ, ಊರೊಳಗೇ ಇದ್ದ ಮನೆಗಳು. ಎರಡರ ನಡುವೆ ಒಂದು ಮಾರು ಜಾಗ ಬಿಟ್ಟಿರುತ್ತಿದ್ದರು. ಯಾರೂ ಬಿಡಿ ಎಂದು ಹೇಳಿದ್ದಲ್ಲ. ಯಾರೂ ಬೇಡ ಎಂದೂ ಹೇಳಿದ್ದಿಲ್ಲ.

ನಮ್ಮದು ಯಾವ ಚಾಪೆ ಎಂದು ಹೇಳಿಬಿಡುತ್ತೇನೆ. ಬಾಗಿಲ ಕಡೆಯದು. ಜಾಗ ಬಿಟ್ಟವರು ನಾವು.

ಸಮಾಧಾನ ಮುಂದಿನ ಚಾಪೆಯ ಕೊನೆಯವರೆಗೂ ಬಂತು, ನಿಂತಿತು. ಆ ಕೊನೆಯ ಹೆಂಗಸು ಏಳಲು ಅಂಜಿದಳು. ಈ ಕಡೆಯವರು ತಲೆ ತಗ್ಗಿಸಿ ಕೂತರು. ಒಂದು ಸಲವಲ್ಲ, ಎಷ್ಟೋ ತಿಂಗಳು ಹೀಗೇ ನಡೆಯಿತಂತೆ. ಆಮೇಲೆ ಒಂದು ಭಾನುವಾರ ಉಪದೇಶಿಯ ಹೆಂಡತಿ ಯಾರಿಗೂ ಏನೂ ಹೇಳದೆ ಬಂದು ಎರಡು ಚಾಪೆಗಳ ನಡುವಿನ ಬರೀ ನೆಲದ ಮೇಲೆ ಕೂತಳು. ಮುಂದಿನ ಚಾಪೆಯ ಹೆಂಗಸಿನ ಕೈ ಹಿಡಿದಳು. ತಿರುಗಿ, ಇನ್ನೂ ಬಿಸಿಯಿದ್ದ ಅದೇ ಕೈಯಿಂದ ನಮ್ಮಜ್ಜಿಯ ಕೈ ಹಿಡಿದಳು. "ಎಳೆದುಕೊಳ್ಳೋಣ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಅವಳ ಮುಖ ನೋಡಿ ಆಗ್ಲಿಲ್ಲ" ಎನ್ನುತ್ತಿದ್ದಳು ಅಜ್ಜಿ.

ಮುಂದಿನ ಭಾನುವಾರವೇ ಚಾಪೆಗಳು ಕೂಡಿಕೊಂಡವೇ? ಇಲ್ಲ. ಉಪದೇಶಿಯ ಹೆಂಡತಿ ವರ್ಷಗಟ್ಟಲೆ ಆ ಬರೀ ನೆಲದ ಮೇಲೆಯೇ ಕೂತಳು. ಮಂಡಿ ನೋವು ಬಂದ ಮೇಲೂ ಕೂತಳು. ಅವಳ ಹೆಸರು ಯಾವ ವರದಿಯಲ್ಲೂ ಇರಲಾರದು.

ಈ ಕಥೆ ನೆನೆದಾಗಲೆಲ್ಲ ತರಂಗಂಬಾಡಿಯ ಹೇಳಿಕೆ ನನಗೆ ಸ್ವಲ್ಪ ಚುಚ್ಚುತ್ತದೆ. ಒಡಕು ಹೊರಗಿನಿಂದ ಬಂತು ಎಂದರು ಹಿರಿಯರು. ನಿಜ. ಆದರೆ ಎರಡು ಚಾಪೆಗಳ ನಡುವಿನ ಆ ಒಂದು ಮಾರು ಯಾವ ಹಡಗಿನಲ್ಲಿ ಬಂತು? ಅದನ್ನು ಲಂಡನ್ನಿನವರು ತರಲಿಲ್ಲ, ಅಮೆರಿಕದವರು ತರಲಿಲ್ಲ. ನಾವೇ ಮನೆಯಿಂದ ಕಂಕುಳಲ್ಲಿ ಇಟ್ಟುಕೊಂಡು ಬಂದದ್ದು. ಹೊರಗಿನ ಒಡಕನ್ನು ತುಂಬಲು ಇಪ್ಪತ್ತೆಂಟು ವರ್ಷ ಸಾಕಾಯಿತು.

ಈಗ ಮದುವೆ ಊಟದ ಆ ಪ್ರಶ್ನೆಗೆ ಬರುತ್ತೇನೆ. ಒಂದೊಂದು ಹಳ್ಳಿಯಲ್ಲಿ ಒಂದೊಂದು ಕೇರಿಯ ಜನ ಒಂದೊಂದು ಮಿಷನ್ನಿಗೆ ಸೇರಿದ್ದರು. ಆದ್ದರಿಂದ ಯಾವ ಮಿಷನ್ನು, ಯಾವ ಊರು ಎಂದು ಕೇಳಿದರೆ ಜಾತಿ ತಾನಾಗಿ ಗೊತ್ತಾಗುತ್ತಿತ್ತು. ಬಾಯಿಬಿಟ್ಟು ಕೇಳಲು ನಾಚಿಕೆಯಾದದ್ದನ್ನು ಕೇಳುವ ಮರ್ಯಾದೆಯ ದಾರಿ ಅದು. ಹೆಣ್ಣು ನೋಡಲು ಬಂದವರು ಮೊದಲು ಅದನ್ನೇ ವಿಚಾರಿಸುತ್ತಿದ್ದರು. ನಾನೂ ಎಷ್ಟೋ ಸಲ ಕೇಳಿದ್ದೇನೆ. ಅರ್ಥ ಗೊತ್ತಿಲ್ಲದೆ ಕೇಳಿದೆ ಎಂದು ಹೇಳಲಾರೆ.

ಸರಕಾರದ ಲೆಕ್ಕದಲ್ಲೂ ಈ ತೊಡಕು ಬಿಟ್ಟಿಲ್ಲ. 1950ರ ರಾಷ್ಟ್ರಪತಿಯವರ ಆದೇಶದ ಪ್ರಕಾರ ಹಿಂದೂಗಳನ್ನು ಬಿಟ್ಟು ಬೇರೆ ಮತದವರು ಪರಿಶಿಷ್ಟ ಜಾತಿಯವರೆನಿಸಿಕೊಳ್ಳುವಂತಿರಲಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಹೀಗಾಗಿ ಶಾಲೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ದೇವಾಲಯದಲ್ಲಿ ಒಂದು ಹೆಸರು ಇಟ್ಟುಕೊಂಡ ಮಕ್ಕಳನ್ನು ನಾನು ಬಲ್ಲೆ. ಊರಿನ ಬಾವಿಯ ಹತ್ತಿರ ಅವರು ಕ್ರೈಸ್ತರಾಗಿ ಬದಲಾಗಿರಲಿಲ್ಲ. ಕಚೇರಿಯಲ್ಲಿ ಮಾತ್ರ ಬದಲಾಗಿದ್ದರು. ಹಿಂದಿನ ಚಾಪೆಯಲ್ಲಿ ಕೂತಿದ್ದ ನಮ್ಮಂಥವರಿಗೆ ಈ ಕಷ್ಟ ತಟ್ಟಲಿಲ್ಲ. ಒಂದೇ ರೊಟ್ಟಿಯನ್ನು ಮುರಿದು ತಿಂದೂ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಟ್ಟದಿದ್ದರೆ ಅದನ್ನು ಐಕ್ಯ ಎನ್ನುವುದು ಹೇಗೆ?

ಒಕ್ಕೂಟದ ಹೊರಗೆ ಉಳಿದವರೂ ಇದ್ದರು. ಕೋಲಾರದ ಮೆಥಡಿಸ್ಟರು ಅಮೆರಿಕದ ಸಭೆಯ ಸಂಬಂಧದವರಾದ್ದರಿಂದ 1947ರಲ್ಲಿ ಸೇರಲಿಲ್ಲ. 1981ರಿಂದ ಅವರದು ಭಾರತದ ಮೆಥಡಿಸ್ಟ್ ಸಭೆಯೆಂದು ಸ್ವತಂತ್ರವಾಗಿ ನಡೆಯುತ್ತಿದೆ. ಆಂಧ್ರದ ನಂದ್ಯಾಲದ ಆಂಗ್ಲಿಕನರಲ್ಲಿ ಬಹಳ ಜನ ಮುನಿಸಿಕೊಂಡು ಎಷ್ಟೋ ವರ್ಷ ಹೊರಗಿದ್ದರು. ಆ ನಂದ್ಯಾಲವೇ 2013ರಲ್ಲಿ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರನ್ನು ಪಡೆಯಿತು. ದೇವರ ಲೆಕ್ಕಾಚಾರ ನಮ್ಮದರಂತಲ್ಲ.

ಕ್ಯಾಥೊಲಿಕರೊಂದಿಗೆ ನಮ್ಮ ದೂರ ಇನ್ನೂ ಹಳೆಯದು. ನಾವು ದೀಕ್ಷಾಸ್ನಾನ ಎಂದದ್ದನ್ನು ಅವರು ಜ್ಞಾನಸ್ನಾನ ಎನ್ನುತ್ತಾರೆ. ನಮ್ಮ ಸತ್ಯವೇದ ಅವರಿಗೆ ಶ್ರೀಗ್ರಂಥ. ನಾವು 'ಮರಿಯಳು' ಎಂದು ಏಕವಚನದಲ್ಲಿ ಓದಿ ಮುಂದೆ ಹೋಗುತ್ತೇವೆ. ಅವರು 'ಮಾತೆ ಮರಿಯಮ್ಮನವರು' ಎಂದು ಕೈಮುಗಿಯುತ್ತಾರೆ. ಹೆತ್ತ ತಾಯಿಗೆ ಒಂದು 'ಅಮ್ಮ' ಸೇರಿಸಿದರೆ ನಮ್ಮ ಭಕ್ತಿ ಎಲ್ಲಿ ಕೆಡುತ್ತಿತ್ತು ಎಂದು ನಾನೊಬ್ಬಳೇ ಯೋಚಿಸಿದ್ದುಂಟು. 1964ರಲ್ಲಿ ವ್ಯಾಟಿಕನ್ ಮಹಾಸಭೆ ಬೇರೆ ಸಭೆಗಳವರನ್ನು ಅಗಲಿದ ಸೋದರರೆಂದು ಪ್ರೀತಿಯಿಂದ ಕಂಡ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಮಾರ್ಚ್ ತಿಂಗಳ ಮೊದಲ ಶುಕ್ರವಾರ ಹೆಂಗಸರೆಲ್ಲ ಸೇರಿ ಮಾಡುವ ಲೋಕ ಪ್ರಾರ್ಥನಾ ದಿನಕ್ಕೆ ನಮ್ಮ ಊರುಗಳಲ್ಲಿ ಒಮ್ಮೊಮ್ಮೆ ಕ್ಯಾಥೊಲಿಕ್ ಸಿಸ್ಟರುಗಳೂ ಬರುತ್ತಾರೆ. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಆ ದಿನದ ಪ್ರಾರ್ಥನೆಯನ್ನು ಬರೆದು ಲೋಕಕ್ಕೆಲ್ಲ ಕಳಿಸುತ್ತಾರೆ. ಎಲ್ಲ ಸಭೆಯವರೂ ಒಂದೇ ಹಾಳೆ ಹಿಡಿದು ಓದುವ ದಿನ ಅದು.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ನಾನು ಎಡವಿದೆ. 2021ರ ಡಿಸೆಂಬರ್ 23. ಕ್ರಿಸ್‌ಮಸ್‌ಗೆ ಎರಡು ದಿನ. ನಾನು ಕಜ್ಜಾಯದ ಪಾಕಕ್ಕೆ ಬೆಲ್ಲ ಇಟ್ಟಿದ್ದೆ. ಸೂಸೈಪಾಳ್ಯದ ದೇವಾಲಯದಲ್ಲಿ ಸಂತ ಅಂತೋಣಿಯವರ ಪ್ರತಿಮೆಯನ್ನು ಯಾರೋ ಒಡೆದಿದ್ದಾರೆಂದು ಸುದ್ದಿ ಬಂತು. ಆಗ ನನ್ನ ಬಾಯಿಂದ ಬಂದ ಮೊದಲ ಮಾತು, "ಅದು ಆರ್.ಸಿ.ಯವರದಲ್ಲವಾ?" ಎಂದು.

ಮಗಳು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ನಾನೂ ಪಾಕ ತಿರುಗಿಸುತ್ತಾ ಸುಮ್ಮನಾದೆ. ಆದರೆ ಒಳಗೆ ಕುದಿ ನಿಲ್ಲಲಿಲ್ಲ. ಪ್ರತಿಮೆಗೆ ನಾನು ಕೈಮುಗಿಯುವವಳಲ್ಲ, ನಮ್ಮ ಸಭೆಯಲ್ಲಿ ಆ ವಾಡಿಕೆಯಿಲ್ಲ. ಆದರೆ ಹಬ್ಬದ ಹಿಂದಿನ ದಿನ ತಮ್ಮ ದೇವಾಲಯದ ಮುಂದೆ ಚೂರುಗಳನ್ನು ಆರಿಸುತ್ತಿದ್ದ ಹೆಂಗಸರು ನನಗೆ ಯಾರು? ಅವರ ಮನೆಯಲ್ಲೂ ಒಲೆಯ ಮೇಲೆ ಬೆಲ್ಲ ಇದ್ದಿರುವುದಿಲ್ಲವೇ? ಯೋಹಾನನ ಸುವಾರ್ತೆಯ ಹದಿನೇಳನೇ ಅಧ್ಯಾಯದಲ್ಲಿ ಯೇಸು, ತನ್ನನ್ನು ನಂಬುವವರೆಲ್ಲರೂ ಒಂದಾಗಿರಬೇಕೆಂದು ಬೇಡಿಕೊಂಡನಲ್ಲ, ಹಿಡಿದು ಕೊಡುವ ಮುಂಚಿನ ರಾತ್ರಿ! ಸಾಯುವ ಮುಂಚೆ ತಾಯಿ ಮಕ್ಕಳಿಗೆ ಜಗಳವಾಡಬೇಡಿ ಎಂದು ಹೇಳಿದ ಹಾಗೆ. ಆ ಪ್ರಾರ್ಥನೆ ನಮ್ಮ ಸಭೆಯ ಮುದ್ರೆಯಲ್ಲೇ ಇದೆ. ನನ್ನ ನಾಲಿಗೆಯಲ್ಲಿ ಇರಲಿಲ್ಲ.

ಕೊರೊನಾದ ಕಟ್ಟುನಿಟ್ಟು ಸಡಿಲವಾದ ಮೇಲೆ, 2022ರ ಮಾರ್ಚ್ 4ರಂದು ಲೋಕ ಪ್ರಾರ್ಥನಾ ದಿನ ಬಂತು. ಆ ವರ್ಷದ ಪ್ರಾರ್ಥನೆ ಬರೆದವರು ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಹೆಂಗಸರು. 'ಮತ್ತೆ ಲಂಡನ್ನಿಂದ ಬಂತಲ್ಲಪ್ಪ' ಎಂದು ನಕ್ಕೆವು. ಅದು ಕಳೆದ ಮೇಲಿನ ವಾರ ನಾವು ನಾಲ್ಕೈದು ಹೆಂಗಸರು ಸೂಸೈಪಾಳ್ಯಕ್ಕೆ ಹೋದೆವು. ಯಾರೂ ಕಳಿಸಿದ್ದಲ್ಲ. ಡಬ್ಬಿಯಲ್ಲಿ ಕಜ್ಜಾಯ, ಚಕ್ಕುಲಿ. ಹಬ್ಬ ಮುಗಿದು ಎರಡು ತಿಂಗಳ ಮೇಲೆ ಹಬ್ಬದ ತಿಂಡಿ ಒಯ್ದವರು ನಾವೇ ಇರಬೇಕು.

ದೇವಾಲಯದ ಜಗಲಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಯಾವ ಸಭೆ ಅಮ್ಮಾ ನಿಮ್ದು?" ಎಂದರು. ನಾನು ಅಭ್ಯಾಸಬಲದಿಂದ "ಲಂಡನ್ ಮಿಷನ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. "ಲಂಡನ್ನಿಂದ ಬಂದ್ರಾ?" ಎಂದು ಕಣ್ಣರಳಿಸಿದರು. ಎಲ್ಲರೂ ನಕ್ಕುಬಿಟ್ಟೆವು. ಆಮೇಲೆ ಮಾತು ಸಲೀಸಾಯಿತು. ಕಾಫಿ ಬಂತು. ನಡೆದದ್ದನ್ನು ಅವರೂ ಹೆಚ್ಚು ಎತ್ತಲಿಲ್ಲ, ನಾವೂ ಕೆದಕಲಿಲ್ಲ.

ಹೊರಡುವಾಗ ನಾನು ಕೈಮುಗಿದೆ. ಕೊರೊನಾ ಬಂದಾಗಿನಿಂದ ನಮ್ಮ ದೇವಾಲಯದಲ್ಲೂ ಸಮಾಧಾನವನ್ನು ದೂರದಿಂದ ಕೈಮುಗಿದೇ ಕೊಡುತ್ತಿದ್ದೆವು. ಕೈ ಹಿಡಿದು ಎರಡು ವರ್ಷವಾಗಿತ್ತು. ಆ ಮುದುಕಿ ಮುಗಿದ ನನ್ನ ಕೈಗಳನ್ನು ಹಾಗೇ ತಮ್ಮೆರಡು ಕೈಯೊಳಗೆ ಹಿಡಿದುಕೊಂಡರು. ಒರಟು, ಬೆಚ್ಚನೆಯ ಕೈ. ಅಜ್ಜಿಯ ಕಥೆಯ ಉಪದೇಶಿಯ ಹೆಂಡತಿ ನೆನಪಾದಳು. ಇಲ್ಲೂ ನಾನು ಮೊದಲು ಕೈ ಚಾಚಲಿಲ್ಲ, ಅವರೇ ಚಾಚಿದರು.

ಅವರ ಪೂಜೆಯಲ್ಲಿ ಪರಮಪ್ರಸಾದ ಇಂದಿಗೂ ನಮಗಿಲ್ಲ. ಸ್ಮಶಾನಗಳು ಬೇರೆಬೇರೆ. ದೊಡ್ಡವರ ಮಾತುಕತೆ ದೊಡ್ಡವರ ಮಟ್ಟದಲ್ಲಿ ನಡೆಯುತ್ತಿರಲಿ. ಇಪ್ಪತ್ತೆಂಟು ವರ್ಷವಾಗಲಿ, ಇನ್ನೂರು ವರ್ಷವಾಗಲಿ, ಅವರು ಒಂದು ದಿನ ಸಹಿ ಹಾಕಿಯಾರು. ಆದರೆ ಅಷ್ಟರೊಳಗೆ ನಡುವಿನ ಬರೀ ನೆಲದ ಮೇಲೆ ಯಾರಾದರೂ ಕೂತಿರಬೇಕು. ಅದಕ್ಕೆ ಪದವಿ ಬೇಡ, ಅಭಿಷೇಕ ಬೇಡ; ಮಂಡಿ ನೋವು ತಡೆದುಕೊಳ್ಳುವ ಶಕ್ತಿ ಇದ್ದರೆ ಸಾಕು.

ಈಗ ಮದುವೆ ಊಟಕ್ಕೆ ಹೋದರೆ ಪಕ್ಕದವರನ್ನು ಆ ಪ್ರಶ್ನೆ ಕೇಳಬಾರದೆಂದು ನಿಶ್ಚಯ ಮಾಡಿಕೊಂಡಿದ್ದೇನೆ. "ಮಕ್ಕಳೆಷ್ಟು? ಮಳೆ ಹೇಗಿದೆ ನಿಮ್ಮ ಕಡೆ?" ಎಂದು ಶುರುಮಾಡುತ್ತೇನೆ. ನಿಜ ಹೇಳಬೇಕೆಂದರೆ, ಹಳೆಯ ಮಾತು ಇನ್ನೂ ನಾಲಿಗೆಯ ತುದಿಯವರೆಗೆ ಬರುತ್ತದೆ. ಆಗ ಒಂದು ಲೋಟ ನೀರು ಕುಡಿದು ಪಕ್ಕದವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತೇನೆ.